ನೇಗಿಲು ಮಾರಾಟವಾಗದ ಎರಡು ವರ್ಷಗಳು

ಪದವಿ ಮುಗಿಸಿದ ಮಗನನ್ನೋ ಮಗಳನ್ನೋ ಮುಂದೆ ಯಾವ ದಾರಿಗೆ ಹಚ್ಚಬೇಕೆಂಬ ಪ್ರಶ್ನೆ ಬೈಲಹೊಂಗಲದ ಅಡತಿ ಅಂಗಡಿಗಳಲ್ಲಾಗಲಿ, ಕಿತ್ತೂರಿನ ಒಕ್ಕಲುಮನೆಗಳಲ್ಲಾಗಲಿ, ರಾಮದುರ್ಗದ ನೇಕಾರರ ಓಣಿಗಳಲ್ಲಾಗಲಿ ಎದ್ದಾಗ, ಹಿಂದಿನವರ ಕಲ್ಪನೆ ಮಾಸ್ತರಿಕೆ, ತಲಾಠಿತನ, ಬ್ಯಾಂಕಿನ ನೌಕರಿ ಇವುಗಳಾಚೆಗೆ ಹೋಗುತ್ತಿದ್ದುದು ಅಪರೂಪ. ಇಂದಿನ ತರುಣರು ಇನ್ನೊಬ್ಬರ ಕೈಕೆಳಗೆ ದುಡಿಯುವುದಕ್ಕಿಂತ ಸ್ವಂತ ಉದ್ಯಮವೊಂದನ್ನು ಸ್ಥಾಪಿಸಿ ನಾಲ್ಕು ಜನರಿಗೆ ಅನ್ನದ ದಾರಿ ಮಾಡುವೆವೆಂದು ಹೇಳುತ್ತಿರುವುದು ನಮ್ಮ ಸೀಮೆಗೆ ಒದಗಿರುವ ಭಾಗ್ಯವೆಂದೇ ನಾನು ಭಾವಿಸುತ್ತೇನೆ. ಆದರೆ ಈ ಮಾತಿನ ಬೆನ್ನಿಗೇ ಎರಡನೆಯ ಮಾತೊಂದು ಬರುತ್ತದೆ: ಉದ್ಯಮಿಯಾಗಬೇಕಾದರೆ ಮೊದಲು ಎಂ.ಬಿ.ಎ. ಮಾಡಬೇಕು, ಅದಕ್ಕಾಗಿ ಹೊಲದ ಮೇಲಾದರೂ ಸಾಲ ಎತ್ತಿ ಬೆಂಗಳೂರಿಗೋ ಪುಣೆಗೋ ಹೋಗಬೇಕು ಎಂದು. ಮೊದಲನೆಯ ಮಾತನ್ನು ಕೇಳಿ ಹಿಗ್ಗುವ ನಾನು ಎರಡನೆಯದನ್ನು ಒಪ್ಪಲಾರೆ. ಆ ವಿದ್ಯೆ ನಿಷ್ಪ್ರಯೋಜಕವೆಂದು ನನ್ನ ಅಭಿಪ್ರಾಯವಲ್ಲ. ಉದ್ಯಮವನ್ನು ಕಟ್ಟಹೊರಟವನು ಅದನ್ನು ಪಡೆಯತಕ್ಕ ಕಾಲ ಉದ್ಯಮಕ್ಕೆ ಮುಂಚಿನದಲ್ಲ, ಅನಂತರದ್ದು ಎಂಬುದಷ್ಟೇ ನನ್ನ ವಾದ.

ಈ ವಿದ್ಯಾಲಯಗಳು ಯಾವ ಅಗತ್ಯದಿಂದ ಹುಟ್ಟಿದವೆಂಬುದನ್ನು ಮೊದಲು ನೋಡಬೇಕು. ಅಮೆರಿಕದ ವಾರ್ಟನ್ ಶಾಲೆ 1881ರಲ್ಲಿ, ಹಾರ್ವರ್ಡ್‌ನದು 1908ರಲ್ಲಿ ಸ್ಥಾಪಿತವಾದವು. ನಮ್ಮ ದೇಶದಲ್ಲಿ ಕಲ್ಕತ್ತಾ ಮತ್ತು ಅಹಮದಾಬಾದಿನ ಐ.ಐ.ಎಂ.ಗಳು 1961ರಲ್ಲಿಯೂ ಬೆಂಗಳೂರಿನದು 1973ರಲ್ಲಿಯೂ ಬಂದವು. ಸಾವಿರಾರು ಜನ ದುಡಿಯುವ, ಹತ್ತಾರು ಶಾಖೆಗಳುಳ್ಳ ಮಹಾಸಂಸ್ಥೆಗಳು ಅಷ್ಟರಲ್ಲಿ ಬೆಳೆದು ನಿಂತಿದ್ದು, ಅವುಗಳನ್ನು ಕಟ್ಟಿದ ಯಜಮಾನರ ಕಣ್ಣು ಎಲ್ಲೆಡೆಗೆ ಸಾಲದಂತಾದುದರಿಂದ, ಲೆಕ್ಕ, ಸರಕು, ಸಿಬ್ಬಂದಿ, ಮಾರಾಟ ಇವುಗಳನ್ನು ಶಾಸ್ತ್ರೀಯವಾಗಿ ನಿರ್ವಹಿಸಬಲ್ಲ ಸಂಬಳದ ಅಧಿಕಾರಿಗಳು ಬೇಕಾದರು. ಬೆಂಗಳೂರಿನ ಸಂಸ್ಥೆಯಂತೂ ಆರಂಭದಲ್ಲಿ ಸಾರ್ವಜನಿಕ ವಲಯದ ದೊಡ್ಡ ಉದ್ದಿಮೆಗಳನ್ನೇ ವಿಶೇಷವಾಗಿ ದೃಷ್ಟಿಯಲ್ಲಿಟ್ಟುಕೊಂಡು ಹೊರಟದ್ದು. ಆ ಕಾರ್ಯವನ್ನು ಈ ಶಾಲೆಗಳು ಗೌರವದಿಂದ ನಿರ್ವಹಿಸಿವೆ. ಆದರೆ ಇರುವುದನ್ನು ನಡೆಸುವ ಕಲೆಗೂ ಇಲ್ಲದ್ದನ್ನು ಹುಟ್ಟಿಸುವ ಸಾಹಸಕ್ಕೂ ನಡುವೆ ಇರುವ ಅಂತರವನ್ನು ಮರೆತು, ಒಂದರ ಪಾಠವನ್ನು ಇನ್ನೊಂದಕ್ಕೆ ಪ್ರವೇಶಪತ್ರವೆಂದು ಎಣಿಸುವುದರಲ್ಲಿ ಅಪಾಯವಿದೆ.

ಈ ಅಂತರವನ್ನು ಅರಿಯುವುದಕ್ಕೆ ನಾವು ಬೇರೆ ಸೀಮೆಗೆ ಹೋಗಬೇಕಾಗಿಲ್ಲ. ಸವದತ್ತಿಯ ಮಗ್ಗುಲಲ್ಲೇ ಇರುವ ಗುರ್ಲಹೊಸೂರು, ಮರಾಠಿ ಸಂಗೀತ ನಾಟಕದ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರರಿಗೆ ಜನ್ಮವಿತ್ತ ಅದೇ ಊರು, 1869ರ ಜೂನ್ 20ರಂದು ಅದೇ ಮನೆತನದ ಮತ್ತೊಬ್ಬ ಅಸಾಧಾರಣ ಪುರುಷನನ್ನು ನಾಡಿಗೆ ಕೊಟ್ಟಿತು. ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರರ ತಂದೆ ವೇದಾಂತದಲ್ಲಿ ಪರಿಶ್ರಮವುಳ್ಳವರು. ಮನೆತನದಲ್ಲಿ ತಕ್ಕಡಿ ಹಿಡಿದವರಿಲ್ಲ, ಕುಲುಮೆ ಊದಿದವರಿಲ್ಲ. ಚಿತ್ರ ಬರೆಯುವ ಹಂಬಲದಿಂದ ಈ ಹುಡುಗ ತಂದೆಯ ಮನಸ್ಸಿಗೆ ವಿರುದ್ಧವಾಗಿ, ಹಿರಿಯಣ್ಣ ರಾಮಚಂದ್ರರಾಯರ ಆಸರೆಯಿಂದ ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದನು. ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂಬುದು ಅಲ್ಲಿ ಗೊತ್ತಾಗಿ, ಚಿತ್ರಕಾರನಾಗುವ ಆಸೆ ಮುರಿದುಬಿದ್ದ ಮೇಲೆ, ಬಣ್ಣ ಬೇಡದ ಯಂತ್ರರೇಖಾಚಿತ್ರವನ್ನು ಹಿಡಿದು, ಅದರಲ್ಲಿಯೇ ನೈಪುಣ್ಯ ಸಂಪಾದಿಸಿ, ವಿಕ್ಟೋರಿಯಾ ಜ್ಯೂಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅಧ್ಯಾಪಕನಾದನು. ಪಾಠ ಹೇಳುವ ಹೊತ್ತು ಮುಗಿದ ಮೇಲೆ ಅಲ್ಲಿಯ ಯಂತ್ರಗಳ ಸಹವಾಸದಲ್ಲಿ ಆತನು ಕಲಿತುದೇ ಆತನ ನಿಜವಾದ ವಿದ್ಯಾಭ್ಯಾಸ. ತನಗೆ ಸಲ್ಲಬೇಕಾದ ಬಡ್ತಿ ಯುರೇಶಿಯನ್ ಒಬ್ಬನಿಗೆ ಹೋದಾಗ ನೌಕರಿಗೆ ರಾಜೀನಾಮೆಯಿತ್ತು ಬೆಳಗಾವಿಗೆ ಬಂದನು. ಅಲ್ಲಿ ಅಣ್ಣ ತಮ್ಮಂದಿರ ಹೆಸರಿನ ಸೈಕಲ್ ಅಂಗಡಿಯೊಂದಿತ್ತು. ಕಿರ್ಲೋಸ್ಕರ್ ಬ್ರದರ್ಸ್ ಸಂಸ್ಥೆ ತನ್ನ ಆಯುಷ್ಯವನ್ನು ಆ ಅಂಗಡಿಯ 1888ರಿಂದಲೇ ಎಣಿಸುತ್ತದೆ.

ಸೈಕಲ್ಲಿನಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಮೇವಿನ ಯಂತ್ರದಿಂದ 1903ರಲ್ಲಿ ಕಬ್ಬಿಣದ ನೇಗಿಲಿಗೆ ಲಕ್ಷ್ಮಣರಾಯರು ಬಂದರು. ನಮ್ಮ ಎರಿ ಹೊಲಗಳಲ್ಲಿ ಕರಿಕೆ ಬೇರುಬಿಟ್ಟರೆ ಮರದ ರಂಟೆಗೆ ಅದು ಸೋಲುವುದಿಲ್ಲವೆಂಬುದು ಒಕ್ಕಲಿಗರೆಲ್ಲರಿಗೂ ಗೊತ್ತು. ಆಳಕ್ಕೆ ಇಳಿದು ಮಣ್ಣನ್ನು ಮಗುಚಿಹಾಕುವ ಕಬ್ಬಿಣದ ನೇಗಿಲು ಈ ಪೀಡೆಗೆ ತಕ್ಕ ಮದ್ದು. ವಸ್ತು ಒಳ್ಳೆಯದು, ಅದರ ಅಗತ್ಯ ಸ್ಪಷ್ಟ, ಕೊಳ್ಳತಕ್ಕವರು ಸುತ್ತಲೂ ಲಕ್ಷಾವಧಿ. ಇಂದಿನ ಯಾವ ತರಗತಿಯಲ್ಲಿ ಈ ಯೋಜನೆಯನ್ನು ಮಂಡಿಸಿದರೂ ಪೂರ್ಣಾಂಕ ಸಿಕ್ಕೀತು. ಆದರೂ ಎರಡು ವರ್ಷಗಳ ಕಾಲ ಆ ನೇಗಿಲನ್ನು ಕೊಳ್ಳುವವರಿರಲಿಲ್ಲ. ಕಬ್ಬಿಣ ತಾಗಿದರೆ ಭೂಮಿ ವಿಷವಾಗುವುದೆಂಬ ಭಯ ರೈತನ ಮನಸ್ಸಿನಲ್ಲಿ ಬಲವಾಗಿ ನೆಲೆಸಿತ್ತು. ಆ ಭಯವನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ವರ್ಷದ ಬೆಳೆ ಕೈಕೊಟ್ಟರೆ ಸಾವುಕಾರನ ಬಾಗಿಲಿಗೆ ಹೋಗಬೇಕಾದ ಮನುಷ್ಯನು, ಯಾರೋ ಮಾಸ್ತರನೊಬ್ಬನು ಮಾಡಿದ ಉಪಕರಣವನ್ನು ನಂಬಿ ತನ್ನ ಏಕಮಾತ್ರ ಆಸ್ತಿಯನ್ನು ಪರೀಕ್ಷೆಗೆ ಒಡ್ಡಲಾರನೆಂಬುದರಲ್ಲಿ ನನಗೆ ವಿವೇಕವೇ ಕಾಣುತ್ತದೆ. ಅದನ್ನು ವಾದದಿಂದ ಗೆಲ್ಲುವಂತಿರಲಿಲ್ಲ, ಜಾಹೀರಾತಿನಿಂದ ಗೆಲ್ಲುವಂತಿರಲಿಲ್ಲ. ಯಾವನೋ ಧೈರ್ಯಸ್ಥನ ಹೊಲದಲ್ಲಿ ನೇಗಿಲು ಇಳಿದು, ಬೆಳೆ ಎದ್ದು, ನೆರೆಯವನು ಬದುವಿನ ಮೇಲೆ ನಿಂತು ಕಣ್ಣಾರೆ ನೋಡುವವರೆಗೆ ಕಾಯಬೇಕಾಗಿತ್ತು. ಲಕ್ಷ್ಮಣರಾಯರು ಕಾದರು. ಅವರು ಕಾಯಬಲ್ಲವರಾಗಿದ್ದರೆಂಬುದೇ ಈ ಕಥೆಯ ಮರ್ಮಸ್ಥಾನ.

ಕಾಯುವ ಈ ಶಕ್ತಿ ಕೇವಲ ಸ್ವಭಾವದ ಗುಣವಲ್ಲ. ಅದಕ್ಕೊಂದು ಆರ್ಥಿಕ ಆಧಾರವುಂಟು. ಅವರ ವೆಚ್ಚ ಅಲ್ಪವಾಗಿತ್ತು, ಮೇವಿನ ಯಂತ್ರದಿಂದ ಅಷ್ಟಿಷ್ಟು ಬರುತ್ತಿತ್ತು, ಮನೆಯ ಭಾರಕ್ಕೆ ಹೆಗಲು ಕೊಡಲು ಅಣ್ಣನಿದ್ದನು. ತಮ್ಮ ವಿದ್ಯೆಗಾಗಿ ಮಾಡಿದ ದೊಡ್ಡ ಋಣ ಯಾವುದೂ ಅವರ ತಲೆಯ ಮೇಲಿರಲಿಲ್ಲ. ಇದಕ್ಕೆ ಎದುರಾಗಿ ಇಂದಿನ ತರುಣನ ಲೆಕ್ಕವನ್ನಿಡೋಣ. ದೇಶದ ಅಗ್ರಗಣ್ಯ ಮ್ಯಾನೇಜ್‌ಮೆಂಟ್ ವಿದ್ಯಾಲಯಗಳಲ್ಲಿ ಎರಡು ವರ್ಷಗಳ ಶುಲ್ಕ ಇಪ್ಪತ್ತು ಲಕ್ಷ ರೂಪಾಯಿಯನ್ನು ಮೀರಿದೆ. ಇಪ್ಪತ್ತು ಲಕ್ಷವನ್ನು ಶೇಕಡಾ 10ರ ಬಡ್ಡಿಗೆ ಹತ್ತು ವರ್ಷಗಳ ಅವಧಿಗೆ ಸಾಲ ತೆಗೆದರೆ ತಿಂಗಳೊಂದಕ್ಕೆ ಕಟ್ಟಬೇಕಾದ ಕಂತು ಸುಮಾರು 26,400 ರೂಪಾಯಿ. ವ್ಯಾಸಂಗ ಮುಗಿದು ಸ್ವಲ್ಪ ಕಾಲವಾಗುತ್ತಲೇ ಆರಂಭವಾಗುವ ಈ ಕಂತನ್ನು ಹೊತ್ತವನು, ತನ್ನ ನೇಗಿಲು ಎರಡು ವರ್ಷ ಮಾರಾಟವಾಗದೆ ಮೂಲೆಯಲ್ಲಿ ನಿಂತರೆ ಏನು ಮಾಡಿಯಾನು? ಎರಡನೆಯ ತಿಂಗಳಿಗೇ ಯಾವುದಾದರೊಂದು ಕಂಪನಿಯ ನೇಮಕಾತಿ ಪತ್ರಕ್ಕೆ ಸಹಿ ಮಾಡಿಯಾನು. ಅದರಲ್ಲಿ ಆತನ ತಪ್ಪೂ ಇರದು. ಧೈರ್ಯವಿದ್ದೇ ಹೊರಟವನ ಧೈರ್ಯವನ್ನು ತಿಂಗಳು ತಿಂಗಳು ಸವೆಸುವ ಋಣವನ್ನು, ಧೈರ್ಯದ ಕೆಲಸಕ್ಕೆ ಸಿದ್ಧತೆಯೆಂಬ ಹೆಸರಿನಲ್ಲಿ ನಾವೇ ಅವನ ಹೆಗಲಿಗೇರಿಸುವುದು ನನಗೆ ದೊಡ್ಡ ಅನ್ಯಾಯವೆಂದು ತೋರುತ್ತದೆ.

ಲಕ್ಷ್ಮಣರಾಯರ ಮುಂದಿನ ಕಥೆ ಅನೇಕರಿಗೆ ಗೊತ್ತಿರುವುದರಿಂದ ಸಂಕ್ಷೇಪಿಸುತ್ತೇನೆ. ಊರ ವಿಸ್ತರಣೆಗೆ ಸ್ಥಳ ಬೇಕೆಂದು ಬೆಳಗಾವಿಯ ಪುರಸಭೆ ಅವರ ಕಾರ್ಖಾನೆಯನ್ನು ಎಬ್ಬಿಸಿತು. ಔಂಧ ಸಂಸ್ಥಾನದ ಅಧಿಪತಿ ಬಾಳಾಸಾಹೇಬ ಪಂತಪ್ರತಿನಿಧಿಯವರು ಹತ್ತು ಸಾವಿರ ರೂಪಾಯಿ ಸಾಲವನ್ನೂ, ಕುಂಡಲ ರೈಲು ನಿಲ್ದಾಣದ ಬಳಿ ಪಾಪಾಸುಕಳ್ಳಿ ಬೆಳೆದ 32 ಎಕರೆ ಬರಡುನೆಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಕಬ್ಬಿಣ ಸಿಗದಾದಾಗ ಕೊಲ್ಹಾಪುರದ ಮಹಾರಾಜರಿಂದ ಹಳೆಯ ತೋಪುಗಳನ್ನು ಪಡೆದು ಕರಗಿಸಿ ನೇಗಿಲು ಮಾಡಿದರು. ಸವದತ್ತಿಯ ಕಡೆಯ ಈ ಮಗನನ್ನು ಬೆಳಗಾವಿ ಉಳಿಸಿಕೊಳ್ಳಲಿಲ್ಲವೆಂಬುದನ್ನು ಇಲ್ಲಿಯ ನಿವಾಸಿಯಾಗಿ ನಾನು ನೋವಿನಿಂದಲೇ ಬರೆಯುತ್ತಿದ್ದೇನೆ. ಅವರಿಗೆ ಆ ಕ್ಷಣದಲ್ಲಿ ಬೇಕಾಗಿದ್ದುದು ಇನ್ನೊಂದು ವಿದ್ಯೆಯಲ್ಲ, ನಂಬಿ ನೆಲ ಕೊಡುವವರು, ಅಂಥವರು ನಮ್ಮಲ್ಲಿರಲಿಲ್ಲ.

ಹಾಗಾದರೆ ಲೆಕ್ಕವಿಡುವುದು, ಆಳುಗಳನ್ನು ನಡೆಸುವುದು, ಬಂಡವಾಳ ಕೂಡಿಸುವುದು ಈ ಜ್ಞಾನವೆಲ್ಲ ಅನಾವಶ್ಯಕವೇ ಎಂದು ಯಾರಾದರೂ ಕೇಳಬಹುದು. ಖಂಡಿತವಾಗಿ ಆವಶ್ಯಕ. ಆದರೆ ಲಕ್ಷ್ಮಣರಾಯರು ಅದನ್ನೆಲ್ಲ ಒಬ್ಬರೇ ಕಲಿತು ಹೊರಡಲಿಲ್ಲ, ಬಲ್ಲವರನ್ನು ಕೂಡಿಸಿಕೊಂಡರು. ಲೆಕ್ಕಪತ್ರಕ್ಕೆ ಮಂಗೇಶರಾವ್ ರೇಗೆ ಇದ್ದರು. ಯಂತ್ರನಿರ್ಮಾಣಕ್ಕೆ ಅರ್ಧದಲ್ಲೇ ಶಾಲೆ ಬಿಟ್ಟ ಅನಂತರಾವ್ ಫಳಣೀಕರರಿದ್ದರು. ಓದಿನಲ್ಲಿ ಸೋತ ಕೆ.ಕೆ. ಕುಲಕರ್ಣಿಯವರು ವ್ಯವಸ್ಥಾಪಕರಾಗಿ ಎಲ್ಲ ಕೆಲಸಕ್ಕೂ ಕೈಹಾಕಿದರು. ಶಿಕ್ಷೆ ಅನುಭವಿಸಿ ಬಂದ ಕೈದಿಗಳನ್ನು ಊರ ಕಾವಲಿಗೆ ನಿಲ್ಲಿಸಿದ ಲಕ್ಷ್ಮಣರಾಯರ ಮನುಷ್ಯಪರೀಕ್ಷೆ ಯಾವ ಪರೀಕ್ಷೆಯ ಪತ್ರಿಕೆಯಲ್ಲಿ ಬರುವಂಥದು? 1920ರಲ್ಲಿ ಉದ್ಯಮವನ್ನು ಸಾರ್ವಜನಿಕ ಕಂಪನಿಯಾಗಿ ಪರಿವರ್ತಿಸುವ ಹೊತ್ತಿಗೆ ಷೇರು, ಸಭೆ, ಕಾನೂನು ಇವುಗಳ ತಿಳಿವಳಿಕೆ ಬೇಕಾಯಿತು. ಬೇಕಾದಾಗ ಅದು ಬಂದಿತು. ಮಗ ಶಂತನುರಾಯರನ್ನು ಅಮೆರಿಕಕ್ಕೆ ಕಳುಹಿಸಿದಾಗಲೂ ಹಾರ್ವರ್ಡ್‌ನ ವ್ಯಾಪಾರಶಾಲೆ ಅದೇ ಪ್ರದೇಶದಲ್ಲಿ ಪ್ರಸಿದ್ಧವಾಗಿಯೇ ಇದ್ದಿತು. ಆದರೂ ಮಗನು ಓದಿದುದು ಎಂ.ಐ.ಟಿ.ಯಲ್ಲಿ ಯಂತ್ರಶಾಸ್ತ್ರವನ್ನು. 1926ರಲ್ಲಿ ಪದವಿ ಪಡೆದು ಹಿಂದಿರುಗಿದ ಅವರೇ ಮುಂದೆ ಆ ಸಮೂಹವನ್ನು ದೇಶದ ಮುಂಚೂಣಿಯ ಉದ್ಯಮಗಳ ಸಾಲಿಗೆ ಒಯ್ದರು.

ಇದೇ ಮನೆತನದ ಹೆಸರಿನಲ್ಲಿ ಇಂದು ಹರಿಹರದಲ್ಲಿ ಮ್ಯಾನೇಜ್‌ಮೆಂಟ್ ವಿದ್ಯಾಲಯವೊಂದಿದೆ. ಕಂಪನಿಗಳ ಅಧಿಕಾರಿಗಳಿಗೆ ತರಬೇತಿ ಕೊಡುವುದಕ್ಕಾಗಿ 1991ರಲ್ಲಿ ಆರಂಭವಾದ ಅದು, ಉದ್ಯಮ ಹುಟ್ಟಿ ಒಂದು ಶತಮಾನ ಕಳೆದ ಮೇಲೆ ಬಂದದ್ದು. ಮೊದಲು ಅಂಗಡಿ, ಆಮೇಲೆ ಕಾರ್ಖಾನೆ, ಆಮೇಲೆ ಕಂಪನಿ, ಕೊನೆಗೆ ಶಾಲೆ: ಕಿರ್ಲೋಸ್ಕರರ ಚರಿತ್ರೆಯಲ್ಲಿ ಇವು ಬಂದ ಅನುಕ್ರಮವೇ ಸಹಜವಾದ ಅನುಕ್ರಮವೆಂದು ನಾನು ತಿಳಿಯುತ್ತೇನೆ. ಅದೇ ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾಗಿ, ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆದಿಯಲ್ಲಿ ಬಾಗಿಲು ಮುಚ್ಚಿತು, ವಿದ್ಯಾಲಯ ಉಳಿದಿದೆ. ಕಾರ್ಖಾನೆಯ ಅಳಿವಿಗೆ ಅದರದೇ ಕಾರಣಗಳಿದ್ದವು, ಅದನ್ನು ಶಾಲೆಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಆದರೂ ಪಾಠ ಹೇಳುವ ಮನೆಯ ಸಮೀಪದಲ್ಲೇ ಯಂತ್ರಗಳು ನಿಂತುಹೋದುವೆಂಬುದನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ.

ಇಷ್ಟು ಹೇಳಿದ ಮೇಲೆ, ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಅತ್ಯಂತ ಬಲವಾದ ಮಾತನ್ನು ನಾನು ಮರೆಮಾಚಬಾರದು. ಬೈಲಹೊಂಗಲದ ಹತ್ತಿ ವ್ಯಾಪಾರಿಯ ಮಗನು ಹತ್ತನೆಯ ವಯಸ್ಸಿನಲ್ಲಿಯೇ ಗಾದಿಯ ಮಗ್ಗುಲಲ್ಲಿ ಕುಳಿತು, ಅರಳೆಯನ್ನು ಬೆರಳಿನಿಂದ ಎಳೆದು ಎಳೆಯ ಉದ್ದ ಹೇಳುವುದನ್ನೂ, ಕೀರ್ದಿ ಖಾತೆ ಬರೆಯುವುದನ್ನೂ, ಯಾರಿಗೆ ಉದರಿ ಕೊಡಬೇಕು ಯಾರಿಗೆ ಕೊಡಬಾರದೆಂಬುದನ್ನೂ ತಾನಾಗಿಯೇ ಕಲಿಯುತ್ತಾನೆ. ರಾಮದುರ್ಗದ ನೇಕಾರನ ಮಗಳಿಗೆ ಆ ಗಾದಿ ಎಲ್ಲಿದೆ? ಸೀರೆಯನ್ನು ನೇಯುವುದು ಆಕೆಗೆ ಗೊತ್ತು. ಆ ಸೀರೆ ತನ್ನ ಮನೆಯಿಂದ ಹೊರಟು ಊರಿಂದೂರಿಗೆ ಸಾಗುತ್ತ ಹೋದಂತೆ ಬೆಲೆ ಎಲ್ಲೆಲ್ಲಿ ಏರಿತು, ಏರಿದ್ದು ಯಾರ ಕೈ ಸೇರಿತೆಂಬುದನ್ನು ಆಕೆಗೆ ಹೇಳುವವರಿಲ್ಲ. ಬ್ಯಾಂಕಿನ ಅಧಿಕಾರಿಯ ಮುಂದೆ ಕುಳಿತು ಮಾತಾಡುವ ಧೈರ್ಯವನ್ನೂ, ದೂರದ ನಗರದಲ್ಲಿ ಗುರುತಿನವರನ್ನೂ ಕೊಡುವ ಸ್ಥಾನ ಆಕೆಗೆ ಶಾಲೆಯೊಂದೇ ಆಗಿರಬಹುದು. ಜಾತಿ, ಕುಲಕಸುಬು, ಹೆಣ್ಣುತನ ಇವುಗಳ ಕಾರಣದಿಂದ ಪೇಟೆಯ ಬಾಗಿಲು ಮುಚ್ಚಿದವರಿಗೆ ವಿದ್ಯಾಲಯ ತೆರೆದ ಬಾಗಿಲೆಂಬುದನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಆದರೆ ಕ್ರೂರವಾದ ಸಂಗತಿಯೆಂದರೆ, ಈ ವಿದ್ಯೆಯಿಂದ ಹೆಚ್ಚು ಲಾಭ ಪಡೆಯಬೇಕಾದ ಆಕೆಯೇ ಅದರ ಶುಲ್ಕವನ್ನು ತೆರಲಾರದವಳು. ಸಾಲ ಮಾಡಿ ತೆತ್ತರೆ, ಮೇಲೆ ಹೇಳಿದ ಕಂತಿಗೆ ಎಲ್ಲರಿಗಿಂತ ಮೊದಲು ಸೆರೆಸಿಕ್ಕುವವಳು. ಹೆಸರಿಲ್ಲದ ಕಾಲೇಜಿನ ಅಗ್ಗದ ಎಂ.ಬಿ.ಎ.ಯಂತೂ ಗುರುತಿನವರನ್ನೂ ಕೊಡುವುದಿಲ್ಲ, ಅನುಭವವನ್ನೂ ಕೊಡುವುದಿಲ್ಲ. ಪ್ರಮಾಣಪತ್ರವನ್ನು ಮಾತ್ರ ಕೊಡುತ್ತದೆ.

ಆದುದರಿಂದ ಆಕೆಗೆ ಬೇಕಾದುದು ಬೇರೊಂದು ಬಗೆಯ ಶಾಲೆ. ಅದರ ಮಾದರಿ ನಮ್ಮ ನಾಡಿನಲ್ಲಿಯೇ ಇದೆ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ, ನಿರುದ್ಯೋಗಿ ತರುಣರನ್ನು ಕರೆತಂದು, ಊಟ ವಸತಿಗಳನ್ನು ಉಚಿತವಾಗಿ ಕೊಟ್ಟು, ಕೆಲವೇ ವಾರಗಳಲ್ಲಿ ಒಂದು ಕಸುಬನ್ನೂ ಅದಕ್ಕೆ ಬೇಕಾದಷ್ಟು ಲೆಕ್ಕವನ್ನೂ ಕಲಿಸಿ, ಹಿಂದೆ ಕಳುಹಿಸಿದ ಮೇಲೆ ಎರಡು ವರ್ಷಗಳ ಕಾಲ ಅವರ ಬೆನ್ನಿಗೆ ನಿಂತು ವಿಚಾರಿಸಿಕೊಳ್ಳುತ್ತದೆ. ಈ ಕೊನೆಯ ಅಂಶವನ್ನು ಗಮನಿಸಬೇಕು. ಲಕ್ಷ್ಮಣರಾಯರ ನೇಗಿಲು ಮಾರಾಟವಾಗದೆ ನಿಂತಿದ್ದುದು ಕೂಡ ಸರಿಯಾಗಿ ಅಷ್ಟೇ ಕಾಲ. ಉದ್ಯಮಿ ಅತ್ಯಂತ ಒಂಟಿಯಾಗಿರುವ ಆ ಅವಧಿಯಲ್ಲಿ ಜೊತೆಗಿರುವ ಶಾಲೆ, ಆ ಅವಧಿಗೆ ಮುಂಚೆ ಪಾಠ ಹೇಳಿ ಕೈತೊಳೆದುಕೊಳ್ಳುವ ಶಾಲೆಗಿಂತ ಎಷ್ಟೋ ಮೇಲು. ಈ ಮಾದರಿಯನ್ನೇ ಹಿಡಿದು ಕೇಂದ್ರ ಸರ್ಕಾರ ಬ್ಯಾಂಕುಗಳ ಮೂಲಕ ಜಿಲ್ಲೆಗೊಂದು ಸ್ವ-ಉದ್ಯೋಗ ತರಬೇತಿ ಸಂಸ್ಥೆಯನ್ನು ಏರ್ಪಡಿಸಿತು; ಧಾರವಾಡದಲ್ಲಿ ಕರ್ನಾಟಕ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರವೂ ಇದೆ. ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮದಲ್ಲಿ ಉತ್ಪಾದನಾ ಘಟಕಕ್ಕೆ 50 ಲಕ್ಷ ರೂಪಾಯಿವರೆಗಿನ ಯೋಜನೆಗೆ ಸಹಾಯಧನ ಸಹಿತ ಸಾಲ ಸಿಗುತ್ತದೆ. ಯೋಜನೆಯ ವೆಚ್ಚ 10 ಲಕ್ಷವನ್ನು ಮೀರಿದಾಗ ಅರ್ಜಿದಾರನಿಂದ ಕೇಳುವ ಓದು ಎಂಟನೆಯ ತರಗತಿಯ ಉತ್ತೀರ್ಣತೆ ಮಾತ್ರ. ಸರ್ಕಾರವೇ ಎಂಟನೆಯ ತರಗತಿ ಸಾಕೆನ್ನುವ ಕಾರ್ಯಕ್ಕೆ ತಂದೆತಾಯಿಗಳು ಎಂ.ಬಿ.ಎ. ಬೇಕೆಂದು ಹಟ ಹಿಡಿಯುವುದೇಕೆ?

ಮಗನ ಓದಿಗೆಂದು ಇಪ್ಪತ್ತು ಲಕ್ಷ ಹೊಂದಿಸಬಲ್ಲ ತಂದೆಗೆ ನಾನು ವಿನಯಪೂರ್ವಕವಾಗಿ ಸೂಚಿಸುವುದಿಷ್ಟು: ಅದರಲ್ಲಿ ನಾಲ್ಕನೆಯ ಒಂದು ಪಾಲನ್ನು ಮೊದಲು ಆತನ ಕೈಗೆ ಕೊಟ್ಟು, ಎರಡು ವರ್ಷ ಕಾಲಾವಕಾಶವನ್ನೂ ಕೊಡಿ. ಬೆಲ್ಲದ ಗಾಣವನ್ನೋ, ಸೋಯಾ ಎಣ್ಣೆಯ ಘಟಕವನ್ನೋ, ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ನೆರೆಯುವ ಭಕ್ತಸಮುದಾಯಕ್ಕೆ ಶುಚಿಯಾದ ಊಟ ವಸತಿಗಳನ್ನು ಒದಗಿಸುವ ವ್ಯವಸ್ಥೆಯನ್ನೋ, ಅವನು ಆರಿಸಿಕೊಂಡದ್ದನ್ನು ನಡೆಸಲಿ. ಸರಕು ಉಳಿದಾಗ, ಉದರಿ ಮುಳುಗಿದಾಗ, ಆಳು ಕೈಕೊಟ್ಟಾಗ ಅವನ ತಲೆಯಲ್ಲಿ ನಿಜವಾದ ಪ್ರಶ್ನೆಗಳು ಏಳುತ್ತವೆ. ಆ ಪ್ರಶ್ನೆಗಳನ್ನು ಹೊತ್ತು ಅವನು ಶಾಲೆಗೆ ಹೋಗುವೆನೆಂದರೆ ಆಗ ಉಳಿದ ಮೂರು ಪಾಲನ್ನೂ ಸಂತೋಷದಿಂದ ಕೊಡಿ. ತನ್ನ ನಷ್ಟದ ಖಾತೆಯನ್ನು ಕಣ್ಣಮುಂದಿಟ್ಟುಕೊಂಡು ಕುಳಿತವನಿಗೆ ಲೆಕ್ಕಶಾಸ್ತ್ರದ ಪಾಠ ಔಷಧದಂತೆ ಹತ್ತುತ್ತದೆ. ಪ್ರಶ್ನೆಯೇ ಹುಟ್ಟದ ಇಪ್ಪತ್ತೊಂದರ ಹುಡುಗನಿಗೆ ಅದೇ ಪಾಠ ಪರೀಕ್ಷೆಯ ಮಾರನೆಯ ದಿನ ಮರೆತುಹೋಗುತ್ತದೆ. 1976ರಲ್ಲಿ ಒಂದೇ ಲಾರಿಯಿಂದ ಸಾಗಾಣಿಕೆ ಆರಂಭಿಸಿದ ಗದಗಿನ ವಿಜಯ ಸಂಕೇಶ್ವರರೂ ರಸ್ತೆಯ ಮೇಲೆಯೇ ಮೊದಲ ಪಾಠ ಕಲಿತರು.

ಇಷ್ಟರಿಂದ ನಮ್ಮ ಊರುಗಳ ಹೊಣೆ ಮುಗಿಯಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಪೇಟೆಗಳಲ್ಲಿ ಕಾಲೇಜುಗಳಿವೆ, ವಾಣಿಜ್ಯಶಾಸ್ತ್ರ ಬಲ್ಲ ಅಧ್ಯಾಪಕರಿದ್ದಾರೆ, ನಿವೃತ್ತ ಬ್ಯಾಂಕ್ ಅಧಿಕಾರಿಗಳಿದ್ದಾರೆ, ನಲವತ್ತು ವರ್ಷ ಪೇಟೆಯನ್ನು ಕಂಡ ಅಡತಿದಾರರಿದ್ದಾರೆ. ಸಂಜೆಯ ಹೊತ್ತು, ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿಯೇ ಒಂದು ಕೋಣೆಯನ್ನು ಪಡೆದು, ಉತ್ಪಾದನಾ ವೆಚ್ಚ ಕಟ್ಟುವುದು, ಜಿ.ಎಸ್.ಟಿ. ಲೆಕ್ಕ, ಬ್ಯಾಂಕಿನ ಸಾಲದ ಅರ್ಜಿ, ಪಾಲುದಾರಿಕೆಯ ಕರಾರು ಇವುಗಳನ್ನು ಕನ್ನಡದಲ್ಲಿ ಕಲಿಸುವ ಆರು ತಿಂಗಳ ತರಗತಿಯೊಂದನ್ನು ನಡೆಸುವುದಕ್ಕೆ ಯಾವ ವಿಶ್ವವಿದ್ಯಾಲಯದ ಅಪ್ಪಣೆಯೂ ಬೇಕಾಗಿಲ್ಲ. ಪ್ರವೇಶಕ್ಕೆ ಒಂದೇ ನಿಯಮವಿರಲಿ: ಬರುವವನು ಎಷ್ಟೇ ಚಿಕ್ಕದಾಗಲಿ ಒಂದು ಉದ್ಯಮವನ್ನು ಆಗಲೇ ನಡೆಸುತ್ತಿರಬೇಕು, ತನ್ನ ಖಾತೆಯ ಪುಸ್ತಕವನ್ನು ಕೈಯಲ್ಲಿ ತರಬೇಕು. ಮಗ್ಗದಿಂದೆದ್ದು ಬರುವ ಹೆಣ್ಣುಮಕ್ಕಳಿಗೆ ಅನುಕೂಲವಾಗುವಂತೆ ರಾಮದುರ್ಗದ ತರಗತಿಯ ವೇಳೆಯನ್ನು ಮಧ್ಯಾಹ್ನಕ್ಕೆ ಇಡಬಹುದು. ಊರಿನ ಸಹಕಾರಿ ಬ್ಯಾಂಕುಗಳು ತಮ್ಮ ಲಾಭದ ಒಂದು ಸಣ್ಣ ಭಾಗವನ್ನು ತೆಗೆದಿಟ್ಟು, ತರಗತಿ ಮುಗಿಸಿದವರಿಗೆ ಎರಡು ವರ್ಷ ಅಸಲನ್ನು ಕೇಳದೆ ಬಡ್ಡಿಯನ್ನು ಮಾತ್ರ ವಸೂಲು ಮಾಡುವ ಸಾಲವನ್ನು ಕೊಡಲಿ. ಬರುವ ದೀಪಾವಳಿಯ ಪಾಡ್ಯಕ್ಕೆ ಪೇಟೆಯಲ್ಲಿ ಹೊಸ ಖಾತೆ ತೆರೆಯುವ ಹೊತ್ತಿಗೆ ಮೊದಲ ತರಗತಿ ಬೈಲಹೊಂಗಲದಲ್ಲಿ ಆರಂಭವಾಗಲೆಂದು ಮಾರುಕಟ್ಟೆ ಸಮಿತಿಯವರನ್ನೂ ಕಾಲೇಜುಗಳ ಪ್ರಾಚಾರ್ಯರನ್ನೂ ಈ ಪತ್ರಿಕೆಯ ಮೂಲಕ ನಾನು ಕೇಳಿಕೊಳ್ಳುತ್ತೇನೆ.